ಜುಹೂದಿಂದ ಕರಾಚಿಗೆ ನಾಲ್ಕೂವರೆ ತಾಸು

ನನ್ನ ಅಕ್ಕನ ಗಂಡ ಕರಾಚಿಯ ವಿಮಾನ ನಿಲ್ದಾಣದಲ್ಲಿ ಗುಮಾಸ್ತರಾಗಿದ್ದರು. ವಿಮಾನ ಎಷ್ಟು ಗಂಟೆಗೆ ಇಳಿಯಿತು, ಎಷ್ಟು ಗಂಟೆಗೆ ಏರಿತು, ಯಾರು ಹತ್ತಿದರು, ಎಷ್ಟು ತೂಕ ಹೇರಿದರು ಎಂದು ಬರೆದಿಡುವ ಕೆಲಸ. ರಬಕವಿಯ ನಮ್ಮ ನೇಕಾರರ ಓಣಿಯಲ್ಲಿ ಇದನ್ನು ಪೂರ್ತಿ ನಂಬಿದವರು ಕಡಿಮೆ. "ಆಕಾಶದಾಗ ಹೋಗೂ ಬಂಡಿಗೆ ಕಾರಕೂನ ಯಾಕ ಬೇಕ್ರಿ?" ಎಂದು ನಗುತ್ತಿದ್ದರು. ಹಾಗೆ ನಗುವವರ ಎದುರಿಗೆ ನಮ್ಮ ದೊಡ್ಡವ್ವ ಮಾತ್ರ ನಗುತ್ತಿರಲಿಲ್ಲ. "ನನ್ನ ಅಳಿಯಾ ಸುಳ್ಳ ಬರಿಯೂ ಪೈಕಿ ಅಲ್ಲ" ಎಂದು ಮಗ್ಗಕ್ಕೆ ಹಾಸು ಹೂಡುವ ಕೆಲಸಕ್ಕೆ ತಿರುಗಿಬಿಡುತ್ತಿದ್ದಳು.

ದೊಡ್ಡವ್ವ ನಮ್ಮ ತಾಯಿಯ ಅಕ್ಕ. ನಾನು ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಕ್ಕನನ್ನೂ ನನ್ನನ್ನೂ ಬೆಳೆಸಿದವಳು ದೊಡ್ಡವ್ವನೇ. ಗಂಡ ಸತ್ತ ಮೇಲೆ ಎರಡು ಮಗ್ಗ ನಡೆಸಿಕೊಂಡು ಬಂದ ಹೆಂಗಸು. ಅದಕ್ಕಿಂತ ಹೆಚ್ಚಾಗಿ ಅವಳು ಹೆಸರಾದದ್ದು ಸೂಲಗಿತ್ತಿಯಾಗಿ. ರಬಕವಿಯಲ್ಲಿ ಹೆರಿಗೆಯಾದರೆ ಅವಳು, ಬನಹಟ್ಟಿಯಲ್ಲಾದರೂ ಅವಳೇ. ಆಗ ರಬಕವಿ ಒಂದು ಸಂಸ್ಥಾನಕ್ಕೆ ಸೇರಿತ್ತು, ಕೂಗಿದರೆ ಕೇಳಿಸುವಷ್ಟು ದೂರದ ಬನಹಟ್ಟಿ ಇನ್ನೊಂದಕ್ಕೆ. "ಕೂಸಿಗೆ ಯಾವ ರಾಜಾನ ಹಂಗ?" ಎನ್ನುತ್ತ ಅವಳು ಒಂದೇ ದಿನ ಎರಡು ಸಂಸ್ಥಾನಗಳಲ್ಲಿ ಹೊಕ್ಕುಳ ಬಳ್ಳಿ ಕೊಯ್ದು ಬಂದದ್ದುಂಟು.

ಎರಡನೆಯ ಮಹಾಯುದ್ಧ ಮುಗಿದು ವರ್ಷ ಕಳೆದಿತ್ತು. ಎಳ್ಳಮಾವಾಸ್ಯೆ ಇನ್ನೂ ಎರಡು ವಾರ ಇತ್ತು. ನಾನು ಜಮಖಂಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಮತ್ತು ಭೂಗೋಳ ಕಲಿಸುತ್ತಿದ್ದೆ, ಶನಿವಾರ ಮಧ್ಯಾಹ್ನ ರಬಕವಿಗೆ ಬಂದು ಸೋಮವಾರ ಬೆಳಿಗ್ಗೆ ತಿರುಗಿ ಹೋಗುತ್ತಿದ್ದೆ. ಅಂಥ ಒಂದು ಶನಿವಾರ ಮನೆಗೆ ಬಂದಾಗ ದೊಡ್ಡವ್ವ ಒಡೆಯದ ಲಕೋಟೆಯೊಂದನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಬೇರೆಯವರಿಂದ ಓದಿಸುವುದೂ ಅವಳಿಗೆ ಮನಸ್ಸಿರಲಿಲ್ಲ.

"ಕರಾಚೀದ. ಲಗೂನ ಓದು" ಎಂದಳು.

ಅಕ್ಕನಿಗೆ ಎಂಟು ತಿಂಗಳು ತುಂಬಿತ್ತು. ಅದಕ್ಕೂ ಮೊದಲು ಎರಡು ಸಲ ಅವಳಿಗೆ ಹುಟ್ಟಿದ ಕೂಸುಗಳು ಉಸಿರಾಡಿರಲಿಲ್ಲ. ಎರಡೂ ಸಲ ಹೆರಿಗೆ ಕರಾಚಿಯಲ್ಲೇ ಆಗಿತ್ತು, ಎರಡೂ ಸಲ ದೊಡ್ಡವ್ವನಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಈ ಸಲ ಹೇಗಾದರೂ ಊರಿಗೆ ಕರೆದುಕೊಂಡು ಬರಬೇಕೆಂದು ಮಾತಾಗಿತ್ತು. ಆದರೆ ಕಾಗದದಲ್ಲಿ ಭಾವ ಬರೆದಿದ್ದರು: ರೈಲಿನಲ್ಲಿ ನಾಲ್ಕೈದು ದಿನ ಅಲುಗಾಡಿಸುವುದು ಬೇಡವೆಂದು ಲೇಡಿ ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಕೆಳಗೆ ಅಕ್ಕನ ಅಕ್ಷರದಲ್ಲಿ ಒಂದೇ ಸಾಲು. "ದೊಡ್ಡವ್ವ ಬಾಜೂಕ ಇದ್ದರ ನನಗ ಹೆದರಿಕಿ ಆಗೂದಿಲ್ಲ."

ನಾನು ಓದುವುದನ್ನು ನಿಲ್ಲಿಸಿದೆ. ದೊಡ್ಡವ್ವ ಆ ಸಾಲನ್ನು ಬೆರಳಿನಿಂದ ಮುಟ್ಟಿದಳು.

"ಆಕಿ ಬರಾಕ ಆಗೂದಿಲ್ಲ ಅಂದ್ರ ನಾವ ಹೋಗೂಣು. ಎಷ್ಟ ದಿನ ಹಿಡಿತೈತಿ?"

"ರೈಲಿನ್ಯಾಗ ಇಲ್ಲಿಂದ ನಾಕೈದು ದಿನ ಆದೀತು. ಹಡಗಿನ್ಯಾಗ ಹೋದ್ರೂ ಅಷ್ಟ."

"ಅಷ್ಟೊತ್ತಿಗೆ ಆಕಿ ಹಡದ ಬಿಟ್ರ?"

ಆಗ ನಾನು ಕಾಗದದ ಹಿಂಬದಿ ತಿರುವಿದೆ. ಭಾವ ಅಲ್ಲಿಯೂ ಬರೆದಿದ್ದರು. ಅವರ ಕೆಲಸದ ರೀತಿಯೇ ಹಾಗೆ, ಸಾಲು ಸಾಲಾಗಿ, ಅಡಿಗೆರೆ ಎಳೆದು. ಮುಂಬೈಯ ಜುಹೂ ವಿಮಾನ ನಿಲ್ದಾಣದಿಂದ ಕರಾಚಿಗೆ ನೇರವಾಗಿ ಸುಮಾರು ಐದುನೂರ ಐವತ್ತು ಮೈಲು. ಅಹಮದಾಬಾದಿನಲ್ಲಿ ಇಳಿದು ಹೋಗುವುದರಿಂದ ಆರುನೂರ ಐವತ್ತರ ಹತ್ತಿರ. ಹಾರುವ ಹೊತ್ತು ನಾಲ್ಕೂವರೆ ತಾಸು, ಅಹಮದಾಬಾದಿನಲ್ಲಿ ಅರ್ಧ ತಾಸು ನಿಲುಗಡೆ. ಮುಂಜಾನೆ ಎಂಟೂವರೆಗೆ ಹೊರಟರೆ ಮಧ್ಯಾಹ್ನ ಒಂದೂವರೆಗೆ ಕರಾಚಿ. ಕಚೇರಿಯವರ ಮನೆಯವರಿಗೆ ಇಬ್ಬರಿಗೆ ಜಾಗ ಕೊಡಲು ಸಾಹೇಬರು ಒಪ್ಪಿದ್ದಾರೆ, ಬರುವುದಾದರೆ ತಂತಿ ಹೊಡೆಯಿರಿ.

ನಾನು ಅದನ್ನು ಎರಡು ಸಲ ಓದಿ ಹೇಳಿದೆ. ದೊಡ್ಡವ್ವ ಹಣೆ ಗಂಟಿಕ್ಕಿ ಲೆಕ್ಕ ಹಾಕುತ್ತಿದ್ದಳು.

"ನಾಕೂವರಿ ತಾಸು ಅಂದ್ರ ಮಗ್ಗದ ಮ್ಯಾಲೆ ಎಷ್ಟ ಅರವಿ ಆಗತೈತಿ?"

"ಮೂರು ಮೊಳ ಆದೀತು."

"ಮೂರು ಮೊಳ ನೇಯೂದ್ರಾಗ ಮುಂಬೈದಿಂದ ಕರಾಚಿ!" ಎಂದು ಅವಳು ಎದ್ದು ನಿಂತಳು. "ತಂತಿ ಹೊಡಿ."

ಸಂಜೆಯ ಹೊತ್ತಿಗೆ ಓಣಿಯ ಹಿರಿಯರು ಕಟ್ಟೆಗೆ ಬಂದರು. ಹೆಂಗಸು, ಅದೂ ಐವತ್ತೆಂಟು ವರ್ಷದವಳು, ಅದೂ ಕುಡಚಿಯ ರೈಲನ್ನು ಕೂಡ ಹತ್ತದವಳು. ಒಬ್ಬರು ದೂರದಿಂದ ಸುತ್ತಿ ಬಳಸಿ ಹೇಳಿದರು, "ಅಲ್ಲವಾ, ಅದು ಮ್ಯಾಲಿಂದ ಬಿದ್ದ ಗಿದ್ದೀತು."

"ಬಿದ್ರ ಬಿದ್ದೆ. ನೀವೇನ ಹುಡುಕಾಕ ಬರಬ್ಯಾಡ್ರಿ" ಎಂದು ದೊಡ್ಡವ್ವ ಅವರಿಗೆ ಚಹಾ ಕೊಟ್ಟಳು.

ಸೋಮವಾರ ನಾನು ಸಾಲೆಯಲ್ಲಿ ರಜೆ ಕೇಳಲು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋದೆ. ಅವರು ಪುಣೆಯಲ್ಲಿ ಓದಿದವರು, ಬಿಗಿಯಾದ ಸ್ವಭಾವ. ಕಾಗದವನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. "ಇದನ್ನ ಕಟ್ಟಿಕೊಂಡು ಹೋಗ್ರಿ. ನಿಮ್ಮ ಭಾವ ಬರದಷ್ಟ ಹೊತ್ತಿನ್ಯಾಗ ವಿಮಾನ ಮುಟ್ಟತೈತೋ ಇಲ್ಲೋ ನೀವ ಸ್ವತಃ ನೋಡಿ ಬಂದು ನನಗ ಹೇಳಬೇಕು. ಹುಡಿಗ್ಯಾರಿಗೂ ಹೇಳಬೇಕು."

ಹುಡುಗಿಯರಿಗೆ ಅಂದೇ ಹೇಳಿದೆ. ಗೋಡೆಯ ನಕಾಶೆಯ ಮೇಲೆ ಮುಂಬೈಯಿಂದ ಕರಾಚಿಗೆ ಒಬ್ಬಳು ನೂಲು ಹಿಡಿದಳು, ಇನ್ನೊಬ್ಬಳು ಅಳತೆಪಟ್ಟಿ. ನೇರ ಹಿಡಿದಾಗ ನೂಲು ಸಮುದ್ರ ಮತ್ತು ಕಾಠಿಯಾವಾಡದ ಮೇಲೆ ಹಾದುಹೋಯಿತು. ಅಹಮದಾಬಾದಿನ ಚುಕ್ಕೆಗೆ ಸುತ್ತಿ ಹಿಡಿದಾಗ ಎರಡು ಬೆರಳು ಹೆಚ್ಚು ಬೇಕಾಯಿತು. ಆರುನೂರ ಐವತ್ತನ್ನು ನಾಲ್ಕೂವರೆಯಿಂದ ಭಾಗಿಸಿ, ತಾಸಿಗೆ ನೂರಾ ನಲವತ್ತನಾಲ್ಕು ಮೈಲಿಗಿಂತ ತುಸು ಹೆಚ್ಚು ಎಂದು ಹಲಗೆಯ ಮೇಲೆ ಬರೆದಾಗ ಇಡೀ ವರ್ಗ ಬಾಯಿ ತೆರೆಯಿತು. ಹಿಂದಿನ ಸಾಲಿನ ಒಬ್ಬಳು ಕೈ ಎತ್ತಿದಳು.

"ಬಾಯಾರ, ಇಲ್ಲಿಂದ ಮುಧೋಳಕ್ಕ ಎಷ್ಟ ಹೊತ್ತು?"

"ಐದಾರು ನಿಮಿಷ ಆದೀತು."

"ನಮ್ಮಪ್ಪ ಚಕ್ಕಡಿ ಕಟ್ಟಿದ್ರ ಮುಂಜಾನಿ ಹೋದಾವ ಮಧ್ಯಾನಕ್ಕ ಮುಟ್ಟತಾನ್ರೀ!" ಎಂದು ಅವಳು ಕೂಗಿದ ಮೇಲೆ ಆ ದಿನ ಬೇರೆ ಪಾಠ ನಡೆಯಲಿಲ್ಲ. ಬೀಳಗಿಗೆ ಎಷ್ಟು, ಗಲಗಲಿಗೆ ಎಷ್ಟು, ಅಜ್ಜಿಯ ಊರಿಗೆ ಎಷ್ಟು ಎಂದು ಹುಡುಗಿಯರೆಲ್ಲ ತಮ್ಮ ತಮ್ಮ ನೆಂಟರ ಮನೆಗಳಿಗೆ ವಿಮಾನ ಹಾರಿಸಿದರು.

ಗುರುವಾರ ಮುಂಜಾನೆ ಹೊರಟೆವು. ರಬಕವಿಯಿಂದ ಕುಡಚಿಯ ಸ್ಟೇಶನ್ನಿಗೆ ಹೋಗುವ ಸರ್ವಿಸ್ ಮೋಟಾರು ಯುದ್ಧಕಾಲದಲ್ಲಿ ಹಚ್ಚಿದ್ದ ಇದ್ದಿಲ ಗ್ಯಾಸಿನ ಮೇಲೆ ಇನ್ನೂ ಓಡುತ್ತಿತ್ತು. ತೇರದಾಳದ ಆಚೆಯ ಏರಿನಲ್ಲಿ ಅದು ನಿಂತುಬಿಟ್ಟಿತು, ಗಂಡಸರೆಲ್ಲ ಇಳಿದು ನೂಕಿದರು. ದೊಡ್ಡವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ವಿಮಾನ ನಿಂತ್ರ ಯಾರು ನೂಕತಾರ?" ಎಂದು ಕೇಳಿದಳು.

ಕುಡಚಿಯಲ್ಲಿ ರೈಲು ಹತ್ತಿ, ಮಿರಜ ದಾಟಿ, ಪುಣೆಯಲ್ಲಿ ಗಾಡಿ ಬದಲಿಸಿ, ಮುನ್ನೂರು ಮೈಲಿನ ದಾರಿಗೆ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು ಮುಂಬೈ ಮುಟ್ಟಿದೆವು. ನಮ್ಮ ಓಣಿಯವನೊಬ್ಬ ಪರಳದ ಬಟ್ಟೆಗಿರಣಿಯಲ್ಲಿ ದುಡಿಯುತ್ತಿದ್ದ. ಅವನ ಚಾಳಿನ ಒಂದೇ ಕೋಣೆಯಲ್ಲಿ ಅವನ ಹೆಂಡತಿ ನಮಗೆ ಬಿಸಿನೀರು ಕಾಯಿಸಿಟ್ಟಿದ್ದಳು. ಅವನು ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ತಾನೇ ಎಂದು ದೊಡ್ಡವ್ವ ಅವನಿಗೆ ಕೂತಲ್ಲೇ ಹೇಳಿದಳು.

ಮರುದಿನ ಶನಿವಾರ ನಮ್ಮ ವಿಮಾನ. ಏಳೂವರೆಗೆ ಜುಹೂದಲ್ಲಿ ಇರಬೇಕು, ಎಂಟೂವರೆಗೆ ಏರುತ್ತದೆ. ನಾನು ಗಣಿತ ಕಲಿಸುವ ಬಾಯಿ. ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ಚಾಳಿನ ಗೋಡೆಯ ಗಡಿಯಾರಕ್ಕೆ ಹಿಂದಿನ ದಿನವೇ ಮುಖ್ಯೋಪಾಧ್ಯಾಯಿನಿಯವರ ಕೈಗಡಿಯಾರವನ್ನು ಹೊಂದಿಸಿದ್ದೆ, ಏಕೆಂದರೆ ಪುಣೆ ದಾಟುವಾಗ ಕೀಲಿ ಕೊಡುವುದನ್ನು ಮರೆತು ಅದು ನಿಂತುಹೋಗಿತ್ತು. ಆರೂ ಇಪ್ಪತ್ತಕ್ಕೆ ಗಂಟುಗಳನ್ನು ಹೊತ್ತು ಪರಳ ಸ್ಟೇಶನ್ನಿಗೆ ನಡೆದೆವು. ಆರೂವರೆಗೆ ಸ್ಟೇಶನ್ನಿನೊಳಗೆ ಕಾಲಿಟ್ಟೆ. ಮೇಲಿನ ದೊಡ್ಡ ಗಡಿಯಾರದಲ್ಲಿ ಏಳು ಗಂಟೆ ಒಂಬತ್ತು ನಿಮಿಷ.

"ಈ ಗಡಿಯಾರ ಕೆಟ್ಟೈತಿ" ಎಂದೆ.

ದೊಡ್ಡವ್ವ ಪಕ್ಕದಲ್ಲಿದ್ದ ಹಮಾಲನನ್ನು ತನಗೆ ಬರುವಷ್ಟು ಮರಾಠಿಯಲ್ಲಿ ಕೇಳಿದಳು. ಅವನು ನಗುತ್ತ ಹೇಳಿದ್ದು ಇಷ್ಟು: ಊರಿನ ಗಡಿಯಾರಗಳು ಮುಂಬೈ ವೇಳೆ ತೋರಿಸುತ್ತವೆ, ರೈಲಿನ ಗಡಿಯಾರ ಸರಕಾರಿ ವೇಳೆ ತೋರಿಸುತ್ತದೆ. ಎರಡರ ನಡುವೆ ಮೂವತ್ತೊಂಬತ್ತು ನಿಮಿಷ.

ವಿಮಾನ ಯಾವ ವೇಳೆಗೆ ಹೋಗುತ್ತದೆ? ಭಾವ ಸರಕಾರಿ ವೇಳೆಯನ್ನೇ ಬರೆದಿರುತ್ತಾರೆ. ಭೂಗೋಳದ ಪುಸ್ತಕದಲ್ಲಿ ಇದನ್ನೇ ನಾನು ವರ್ಷವರ್ಷ ಕಲಿಸುತ್ತಿದ್ದೆ, ಸ್ಥಳೀಯ ವೇಳೆ, ಪ್ರಮಾಣ ವೇಳೆ ಎಂದು ಎರಡು ಅಂಕಣ ಹಾಕಿ.

"ಅಳಬ್ಯಾಡ. ಓಡು" ಎಂದಳು ದೊಡ್ಡವ್ವ. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಸಿಕ್ಕ ಗಾಡಿಗೆ ಹಾರಿ ಹತ್ತಿ, ನಡುವೆ ಒಮ್ಮೆ ಗಾಡಿ ಬದಲಿಸಿದೆವು. ವಿಲೇಪಾರ್ಲೆಯಲ್ಲಿ ಇಳಿಯುವಾಗ ಏಳೂ ನಲವತ್ತಾಗಿತ್ತು. ಹೊರಗೆ ಒಂದೇ ಟಾಂಗಾ ನಿಂತಿತ್ತು, ಕುದುರೆ ಹುಲ್ಲು ತಿನ್ನುತ್ತಿತ್ತು. ದೊಡ್ಡವ್ವ ಗಂಟುಗಳನ್ನು ಎಸೆದು ತಾನೂ ಏರಿ ಕೂತು, ಟಾಂಗಾವಾಲಾನ ಬೆನ್ನು ತಟ್ಟಿ, "ನಮ್ಮ ಹುಡುಗಿ ಹಡಿಯಾಕತ್ತಾಳೋ ಮಾರಾಯಾ, ಹೊಡಿ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದಳು. ಅವನಿಗೆ ಏನು ತಿಳಿಯಿತೋ, ನನ್ನ ಮುಖವನ್ನು, ನನ್ನ ಹೊಟ್ಟೆಯನ್ನು ಗಾಬರಿಯಿಂದ ಒಮ್ಮೆ ನೋಡಿ ಬಾರುಕೋಲು ಎತ್ತಿದ. ತೆಂಗಿನ ಮರಗಳ ನಡುವಿನ ಮರಳು ದಾರಿಯಲ್ಲಿ ಆ ಟಾಂಗಾ ಹೋದ ವೇಗ ನಾನು ಆಮೇಲೆ ಯಾವ ಟಾಂಗಾದಲ್ಲೂ ಕಂಡಿಲ್ಲ. ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಒಂದು ತಿರುವಿನಲ್ಲಿ ಮರಗಳು ಮುಗಿದವು, ಬಯಲು ತೆರೆಯಿತು, ಬಯಲಿನ ನಡುವೆ ಮೂಗು ಮೇಲಕ್ಕೆತ್ತಿ ಬಾಲ ನೆಲಕ್ಕಿಳಿಸಿ ಕೂತ ಬೆಳ್ಳಿಬಣ್ಣದ ವಿಮಾನ ಬಿಸಿಲಿಗೆ ಮಿಂಚುತ್ತಿತ್ತು.

"ಅಯ್ಯ, ಕೂತೈತಿ! ಇನ್ನೂ ಕೂತೈತಿ!" ಎಂದು ದೊಡ್ಡವ್ವ ನನ್ನ ತೊಡೆಯ ಮೇಲೆ ಬಡಿದಳು.

ಎಂಟಕ್ಕೆ ಐದು ನಿಮಿಷ ಇತ್ತು. ಕಚೇರಿಯ ಅಧಿಕಾರಿ ಕೈಯಲ್ಲಿ ಪ್ರಯಾಣಿಕರ ಹೆಸರಿನ ಯಾದಿ ಹಿಡಿದು ನಮ್ಮ ದಾರಿಯನ್ನೇ ಕಾಯುತ್ತಿದ್ದ. ಬೈಯಬೇಕೆಂದಿದ್ದವನು ದೊಡ್ಡವ್ವನ ಗಂಟುಗಳನ್ನು ನೋಡಿ ಬೈಯುವುದನ್ನು ಮರೆತ. ತಲೆಗೆ ನಲವತ್ತನಾಲ್ಕು ಪೌಂಡು ಸಾಮಾನಿಗೆ ಅವಕಾಶ. ದೊಡ್ಡವ್ವ ಬಾಣಂತಿಗೆಂದು ಅಂಟಿನುಂಡೆ, ಒಣಕೊಬ್ಬರಿ, ಒಣಖರ್ಜೂರದ ಖಾರೀಕು, ಎರಡು ಕೌದಿ, ಒಂದು ತಾಮ್ರದ ತಂಬಿಗೆ, ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ದೊಡ್ಡ ಕಟ್ಟು ತಂದಿದ್ದಳು. ಹನ್ನೊಂದು ಪೌಂಡು ಹೆಚ್ಚಾಯಿತು. ಅದಕ್ಕೂ ಮೊದಲು ನಮ್ಮಿಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಬೇಕು ಎಂದು ಅವನು ಹೇಳಿದ.

"ನಾ ಏನ ಹತ್ತೀ ಗಂಟೇನು, ತೂಗಾಕ?" ಎಂದಳು ದೊಡ್ಡವ್ವ.

ವಿಮಾನಕ್ಕೆ ಯಾವ ಕಡೆ ಎಷ್ಟು ಭಾರ ಎಂದು ಗೊತ್ತಿರಬೇಕು ಎಂದು ನಾನು ವಿವರಿಸಿದ ಮೇಲೆ ಅವಳು ನೆಟ್ಟಗೆ ನಿಂತಳು. ಹೆಚ್ಚಿನ ಹನ್ನೊಂದು ಪೌಂಡಿಗೆ ಅವಳೇ ದಾರಿ ಕಂಡಳು. ಒಂದು ಕೌದಿಯನ್ನು ಟಾಂಗಾವಾಲಾನಿಗೆ ಕೊಟ್ಟಳು. ರೊಟ್ಟಿಯ ಕಟ್ಟನ್ನು ಅಲ್ಲಿಯೇ ಬಿಚ್ಚಿ ಅಧಿಕಾರಿಗೆ, ಹಮಾಲರಿಗೆ, ಕಾಯುತ್ತಿದ್ದ ಪ್ರಯಾಣಿಕರಿಗೆ ಎರಡೆರಡರಂತೆ ಹಂಚಿದಳು. ಅಂಟಿನುಂಡೆ ಮಾತ್ರ ಯಾರಿಗೂ ಕೊಡಲಿಲ್ಲ. ಎಂಟೂ ಇಪ್ಪತ್ತಕ್ಕೆ ಯಾದಿಯ ಅಧಿಕಾರಿ ಬಾಯಲ್ಲಿ ರೊಟ್ಟಿ ತುಂಬಿಕೊಂಡೇ ನಮ್ಮನ್ನು ಮೆಟ್ಟಿಲು ಹತ್ತಿಸಿದ.

ಒಳಗೆ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಕುರ್ಚಿಗಳ ಸಾಲು. ನೆಲ ಬಾಲದ ಕಡೆಗೆ ಇಳಿಜಾರಾಗಿತ್ತು. ಕಿವಿಗೆ ಇಟ್ಟುಕೊಳ್ಳಲು ಹತ್ತಿ, ಚೀಪಲು ಪೆಪ್ಪರ್‌ಮಿಂಟು ಕೊಟ್ಟರು. ದೊಡ್ಡವ್ವ ಹತ್ತಿಯನ್ನು ಬೆರಳುಗಳ ನಡುವೆ ಎಳೆದು ನೋಡಿ, "ಎಳಿ ಗಿಡ್ಡ ಐತಿ" ಎಂದಳು. ಮೊದಲು ಒಂದು ರೆಕ್ಕೆಯ ಯಂತ್ರ, ಆಮೇಲೆ ಇನ್ನೊಂದು ಕೆಮ್ಮಿ ಎದ್ದವು. ಇಡೀ ಮೈಗೆ ನಡುಕ ಹತ್ತಿತು. ಓಡಿತು, ಓಡಿತು, ಬಾಲ ಎದ್ದು ನೆಲ ಸಮವಾಯಿತು, ಒಮ್ಮೆಲೇ ಕೆಳಗಿನ ಸದ್ದು ನಿಂತಿತು. ಮರಗಳ ತುದಿ ಕಂಡವು. ಆಮೇಲೆ ಸಮುದ್ರ.

ನಾನು ನಕ್ಕೆ. ಯಾಕೆಂದು ಗೊತ್ತಿಲ್ಲ, ತಡೆಯಲು ಆಗಲಿಲ್ಲ, ಸಾಲೆಯ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕೆ. ದೊಡ್ಡವ್ವ ಕಣ್ಣು ಮುಚ್ಚಿ ಕೂತಿರುತ್ತಾಳೆ ಎಂದುಕೊಂಡು ತಿರುಗಿದರೆ ಅವಳ ಮೂಗು ಗಾಜಿಗೆ ಅಂಟಿತ್ತು.

"ನೆಲಾ ಎಷ್ಟ ಸ್ವಚ್ಛ ಕಾಣತೈತಿ ನೋಡ ಮ್ಯಾಲಿಂದ" ಎಂದಳು. ಸ್ವಲ್ಪ ಹೊತ್ತಿಗೆ, "ಈಗ ಕೆಳಗ ಯಾರ ಸಂಸ್ಥಾನ?"

ಆ ಪ್ರಶ್ನೆಯನ್ನು ಅವಳು ಅಹಮದಾಬಾದಿನ ತನಕ ಆರು ಸಲ ಕೇಳಿದಳು. ಗೊತ್ತಿದ್ದಲ್ಲಿ ಹೇಳಿದೆ, ಗೊತ್ತಿಲ್ಲದಲ್ಲಿ ಊಹಿಸಿದೆ. ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಅಹಮದಾಬಾದಿನಲ್ಲಿ ಇಳಿದೆವು. ಅಲ್ಲಿಗೆ ಭಾವನ ಲೆಕ್ಕ ಸರಿಯಾಗಿಯೇ ಇತ್ತು. ಸ್ಟೇಶನ್ನಿನ ವೇಳೆಗೆ ತಿದ್ದಿದ್ದ ಕೈಗಡಿಯಾರವನ್ನು ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಎರಡನೆಯ ಹಾರಾಟ ಹಾಗಿರಲಿಲ್ಲ. ಅರ್ಧ ತಾಸು ನೆಟ್ಟಗಿದ್ದದ್ದು ಆಮೇಲೆ ಕುಣಿಯತೊಡಗಿತು. ಒಮ್ಮೆ ಕೆಳಗೆ ಜಾರಿದಾಗ ನನ್ನ ನೋಟುಬುಕ್ಕು ಹಾರಿ ಬಿತ್ತು. ನಮ್ಮ ಎದುರಿನ ಒಂಟಿ ಕುರ್ಚಿಯಲ್ಲಿ ಕೂತಿದ್ದ ಸಿಂಧಿ ವ್ಯಾಪಾರಿಯ ಮುಖ ಸುಣ್ಣವಾಗಿತ್ತು. ಭಾರೀ ಆಳು, ಬೆರಳಿಗೆಲ್ಲ ಉಂಗುರ. ಕುರ್ಚಿಯ ಕೈ ಹಿಡಿದು ಏನೋ ಜಪಿಸುತ್ತಿದ್ದರು. ದೊಡ್ಡವ್ವ ಎದ್ದು, ತೂರಾಡುತ್ತ ಹೋಗಿ, ಸೊಂಟದ ಚೀಲದಿಂದ ಅಜಿವಾನ ಮತ್ತು ಉಪ್ಪು ತೆಗೆದು ಅವರ ಅಂಗೈಗೆ ಹಾಕಿದಳು. ಅವರು ಬಾಯಿಗೆ ಹಾಕಿಕೊಂಡರು. ಅವಳು ಅವರ ಮುಂಗೈ ಹಿಡಿದು ಅಲ್ಲಿಯೇ ಕೆಳಗೆ ಕೂತುಬಿಟ್ಟಳು, ಬೇನೆ ತಿನ್ನುವ ಹೆಂಗಸಿನ ಹತ್ತಿರ ಕೂತ ಹಾಗೆ.

"ಉಸರ ಬಿಡ್ರಿ. ಹಾಂ, ಹಂಗ. ದೊಡ್ಡದ. ಇನ್ನೊಮ್ಮೆ ಬಿಡ್ರಿ."

ಅವರಿಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೂ ಉಸಿರು ಬಿಟ್ಟರು.

ಚಾಲಕರ ಕೋಣೆಯಿಂದ ಬಂದ ತರುಣನನ್ನು ನಾನು ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಎದುರುಗಾಳಿ ಜೋರಾಗಿದೆ, ಅದಕ್ಕೆ ನಿಧಾನ, ಅರ್ಧ ತಾಸಿಗಿಂತ ಹೆಚ್ಚು ತಡವಾದೀತು ಎಂದ. ನನಗೆ ತಟ್ಟನೆ ಹೊಳೆಯಿತು: ಹಲಗೆಯ ಮೇಲಿನ ನನ್ನ ಲೆಕ್ಕದಲ್ಲಿ ಗಾಳಿಯೇ ಇರಲಿಲ್ಲ. ಆರುನೂರ ಐವತ್ತು ಮೈಲು ನೆಲದ ಮೇಲಿನದು, ವಿಮಾನ ಓಡುವುದು ಗಾಳಿಯಲ್ಲಿ, ಆ ಗಾಳಿಯೇ ಹಿಂದಕ್ಕೆ ಹೋಗುತ್ತಿದ್ದರೆ? ಅಲುಗಾಟವನ್ನು ಮರೆತು ಲೆಕ್ಕ ಹಾಕಲು ಕೂತೆ. ತಾಸಿಗೆ ಮೂವತ್ತು ಮೈಲಿನ ಗಾಳಿ ಎಂದಿಟ್ಟುಕೊಂಡೆ. ಉತ್ತರ ಬಂದಾಗ, ಬೀಳುತ್ತೇವೋ ಇಲ್ಲವೋ ಎಂಬ ಹೆದರಿಕೆಗಿಂತ ಇದನ್ನು ಹುಡುಗಿಯರಿಗೆ ಯಾವಾಗ ಹೇಳುತ್ತೇನೋ ಎಂಬ ಆತುರವೇ ಹೆಚ್ಚಾಗಿತ್ತು.

ಆಮೇಲೆ ಕುಣಿತ ನಿಂತಿತು. ಕೆಳಗೆ ನೆಲವೆಲ್ಲ ಬೆಳ್ಳಗೆ. ಕಚ್ಛದ ಉಪ್ಪಿನ ಬಯಲು ಎಂದು ಸಿಂಧಿ ವ್ಯಾಪಾರಿ, ಬಣ್ಣ ಮರಳಿ ಬಂದ ಮುಖದಿಂದ, ತೋರಿಸಿದರು. ಅದೂ ಮುಗಿದು ಬೂದುಬಣ್ಣದ ಮರಳು, ನೀರಿನ ಕವಲುಗಳು, ಮತ್ತೆ ಸಮುದ್ರದ ಅಂಚು. ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಗಾಲಿಗಳು ಕರಾಚಿಯ ನೆಲ ಮುಟ್ಟಿದವು. ನಲವತ್ತೆರಡು ನಿಮಿಷ ತಡ.

ಭಾವ ಮೆಟ್ಟಿಲ ಬುಡದಲ್ಲೇ ನಿಂತಿದ್ದರು, ಕೈಯಲ್ಲಿ ಯಾದಿ ಇರಲಿಲ್ಲ, ತಲೆಗೆ ಟೋಪಿಯೂ ಇರಲಿಲ್ಲ.

"ಮುಂಜಾನಿ ಆರಕ್ಕ ಬ್ಯಾನಿ ಸುರು ಆಗೈತಿ" ಎಂದರು. "ಹತ್ತರ ಮಟಾ ಜೋರ ಇತ್ತು. ಈಗ ನಿಂತೈತಿ. ಡಾಕ್ಟರ ಮಾತಾಡವಲ್ಲರು."

ದೊಡ್ಡವ್ವ ಆರುನೂರ ಐವತ್ತು ಮೈಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಗಾಡಿ ಎಲ್ಲೈತಿ?" ಎಂದಳು. ಸಿಂಧಿ ವ್ಯಾಪಾರಿಗೆ ಅವರ ಮೋಟಾರು ಬಂದಿತ್ತು. ಭಾವ ಏನು ಹೇಳಿದರೋ, ಅವರು ನಮ್ಮ ಗಂಟುಗಳನ್ನು ತಾವೇ ಎತ್ತಿ ಮೋಟಾರಿಗೆ ಹಾಕಿದರು. ಒಂಟೆಬಂಡಿಗಳ ನಡುವೆ ಹಾರನ್ನು ಬಾರಿಸುತ್ತ ಅವರ ಚಾಲಕ ನಮ್ಮನ್ನು ಭಾವನ ಮನೆಯ ಬಾಗಿಲಿಗೇ ತಂದು ಇಳಿಸಿದ.

ಲೇಡಿ ಡಾಕ್ಟರು ಎತ್ತರದ ಪಾರ್ಸಿ ಹೆಂಗಸು. ದಾರಿಗೆ ಅಡ್ಡ ನಿಂತರು. ದೊಡ್ಡವ್ವನ ಕೈ ತೋರಿಸಿ ಏನೋ ಗದರಿದರು. ತಿಳಿಸಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಬಚ್ಚಲಿಗೆ ಹೋಗಿ ಮೊಣಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡು ಬಂದು ಎರಡೂ ಕೈಗಳನ್ನು ಡಾಕ್ಟರ ಮುಂದೆ ಚಾಚಿದಳು. ಡಾಕ್ಟರು ನೋಡಿದರು, ಪಕ್ಕಕ್ಕೆ ಸರಿದರು.

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೈ ಬಿಗಿದು ಹಲಗೆಯಂತಾಗಿತ್ತು.

"ಯಾಕವಾ, ನಾ ಇಷ್ಟ ದೂರದಿಂದ ಹಾರಿಕೋತ ಬಂದೇನಿ, ನೀ ಮಾರಿನೂ ತೋರಸವಲ್ಲಿ?"

ಅಕ್ಕ ತಿರುಗಿದಳು. ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಕೈ ಚಾಚಿ ದೊಡ್ಡವ್ವನ ಕೆನ್ನೆ ಮುಟ್ಟಿದಳು, ಹೆಗಲು ಮುಟ್ಟಿದಳು, ಆಮೇಲೆ ಜೋರಾಗಿ ಅಳತೊಡಗಿದಳು. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಸಡಿಲಾದಂತೆ. "ಅಳು, ಅಳು, ಬಿಗೀ ಹಿಡೀಬ್ಯಾಡ" ಎಂದು ದೊಡ್ಡವ್ವ ಅವಳ ಸೊಂಟ ತಿಕ್ಕುತ್ತ ಕೂತಳು. ಅರ್ಧ ತಾಸಿಗೆ ಬೇನೆ ತಿರುಗಿ ಬಂತು.

ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಆಚೆ ಎರಡು ದನಿ ಕೇಳುತ್ತಿದ್ದವು, ಒಂದು ಗುಜರಾತಿ, ಒಂದು ನಮ್ಮ ಕನ್ನಡ. ಯಾರೂ ಯಾರಿಗೂ ಅನುವಾದ ಮಾಡಿ ಹೇಳುತ್ತಿರಲಿಲ್ಲ, ಆದರೂ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಬರುತ್ತಿತ್ತು. ಭಾವ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ದೀಪ ಹಚ್ಚುವ ಹೊತ್ತಾಯಿತು. ಒಳಗೆ ಒಮ್ಮೆಲೇ ಎಲ್ಲ ಸುಮ್ಮನಾಯಿತು.

ಆ ಮೌನ ಎಷ್ಟು ಹೊತ್ತು ಇತ್ತೆಂದು ನಾನು ಬರೆದಿಡಲಿಲ್ಲ. ಕೈಗಡಿಯಾರ ನೋಡುವ ಧೈರ್ಯವೇ ಆಗಲಿಲ್ಲ. ಭಾವ ಅಂಗಳದ ನಡುವೆ ನಿಂತುಬಿಟ್ಟಿದ್ದರು. ಆಮೇಲೆ ಚಟ್ಟನೆ ಒಂದು ಏಟಿನ ಸದ್ದು, ಮತ್ತೊಂದು, ಅದರ ಹಿಂದೆಯೇ ತೆಳ್ಳಗಿನ, ಸಿಟ್ಟಿನ, ಬಿಡದೆ ಅರಚುವ ಅಳು.

ಬಾಗಿಲು ತೆರೆದವರು ಡಾಕ್ಟರು. ಅವರ ಕನ್ನಡಕದ ಗಾಜು ಮಂಜಾಗಿತ್ತು. ಅವರ ಹಿಂದಿನಿಂದ ದೊಡ್ಡವ್ವನ ದನಿ ಬಂತು, "ಹೆಣ್ಣ ಕೂಸು! ಏನ ಗಂಟಲಪಾ ಇದರದು, ರಬಕವಿ ಮಟಾ ಕೇಳಸತೈತಿ!"

ಭಾವ ಕಂಬ ಹಿಡಿದುಕೊಂಡು ಕೂತರು. ನಾನು ಕುಣಿದೆ. ಇಪ್ಪತ್ತಮೂರು ವರ್ಷದ ಸಾಲಿ ಬಾಯಿ, ಅಪರಿಚಿತ ಊರಿನ ಅಂಗಳದಲ್ಲಿ, ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿರುವಾಗ, ನಿಜಕ್ಕೂ ಕುಣಿದೆ. ಆ ಪಕ್ಕದ ಮನೆಯವರು ಆಮೇಲೆ ಬೆಲ್ಲದ ಅನ್ನ ತಂದುಕೊಟ್ಟರು. ಒಂದು ವರ್ಷದೊಳಗೆ ದೇಶ ಒಡೆದು ಅಕ್ಕ ಭಾವ ಆ ಮನೆಯನ್ನು ಬಿಟ್ಟು ಬರುವಾಗ, ಕೀಲಿಯನ್ನು ಕೊಟ್ಟು ಬಂದದ್ದೂ ಅವರ ಕೈಯಲ್ಲೇ.

ಡಾಕ್ಟರು ಹೋಗುವಾಗ ದೊಡ್ಡವ್ವ ಗಂಟು ಬಿಚ್ಚಿ ಅವರ ಅಂಗೈಯಲ್ಲಿ ಎರಡು ಅಂಟಿನುಂಡೆ ಇಟ್ಟಳು. ಡಾಕ್ಟರು ಒಂದನ್ನು ಅಲ್ಲಿಯೇ ತಿಂದರು.

ನಲವತ್ತು ದಿನ ಅಲ್ಲಿದ್ದೆವು. ನನ್ನ ರಜೆ ಎರಡು ಸಲ ತಂತಿಯ ಮೇಲೆ ಬೆಳೆಯಿತು. ಮುಖ್ಯೋಪಾಧ್ಯಾಯಿನಿಯವರಿಗೆ ಕಳಿಸಿದ ಮೊದಲ ಕಾಗದದಲ್ಲಿ ಕೂಸಿನ ಸುದ್ದಿಯ ಕೆಳಗೆ ಎದುರುಗಾಳಿಯ ಲೆಕ್ಕವನ್ನು ಪೂರ್ತಿ ಬಿಡಿಸಿ ಬರೆದೆ. ಕಾಗದವನ್ನು ತಾವೇ ವರ್ಗದಲ್ಲಿ ಓದಿ ಹೇಳಿದ್ದಾಗಿಯೂ ಈಗ ಹುಡುಗಿಯರು ನೆಂಟರ ಊರಿಗೆ ವಿಮಾನ ಹಾರಿಸುವಾಗ ಗಾಳಿ ಯಾವ ದಿಕ್ಕಿನದು ಎಂದು ಕೇಳುತ್ತಾರೆಂದೂ ಅವರ ಉತ್ತರ ಬಂತು.

ಹೊರಡುವ ದಿನ ಹತ್ತಿರ ಬಂದಾಗ ಭಾವ ಮತ್ತೆ ವಿಮಾನದಲ್ಲಿ ಎರಡು ಜಾಗ ಹಿಡಿದಿಟ್ಟಿರುವುದಾಗಿ ಹೇಳಿದರು. ಈ ಸಲ ಗಾಳಿ ಬೆನ್ನಿಗೆ, ಹೊತ್ತಿಗಿಂತ ಮೊದಲೇ ಮುಟ್ಟಬಹುದು.

ದೊಡ್ಡವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. "ಬ್ಯಾಡ್ರಿ" ಎಂದಳು. "ಹಾರೂದು ನೋಡಿದ್ನಿ. ಈಗೇನ ಅವಸರ ಐತಿ? ಹಡಗ ಹೆಂಗಿರತೈತಿ ನೋಡಬೇಕು."

ಹಾಗೆ ನಾವು ಕರಾಚಿ ಬಂದರಿನಿಂದ ಹಡಗು ಹತ್ತಿದೆವು. ಮೊದಲ ತಾಸಿನಲ್ಲೇ ತಲೆ ಸುತ್ತಿ ನಾನು ಮಲಗಿಬಿಟ್ಟೆ. ದೊಡ್ಡವ್ವ ಒಂದು ಕ್ಷಣವೂ ಒಳಗೆ ಕೂರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನಾನು ಗೋಡೆ ಹಿಡಿದುಕೊಂಡು ಮೇಲೆ ಬಂದು ನೋಡಿದರೆ, ಅವಳು ಸೆರಗು ಸೊಂಟಕ್ಕೆ ಬಿಗಿದು, ಕಟಕಟೆಗೆ ಒರಗಿ, ಪಡುವಣದ ಕಡೆ ಬೆರಳು ಮಾಡಿ ಕೊಂಕಣಿ ಖಲಾಸಿಯೊಬ್ಬನನ್ನು ಪೀಡಿಸುತ್ತಿದ್ದಳು: ಈ ನೀರಿನ ಆಚಿ ದಂಡಿಗೆ ಯಾವ ಊರು ಐತಿ, ಎಷ್ಟ ಮೈಲು, ಅಲ್ಲಿಗೆ ವಿಮಾನ ಹೊಕ್ಕೈತೋ ಇಲ್ಲೋ.